ಎಣ್ಣೆ ನಿಲ್ಲುವಷ್ಟು ಜಾಗ

ಮೊದಲು ಗೊತ್ತಾಗಿದ್ದು ಬಲಗಾಲಿಗೆ. ಗಂಗಾವತಿಯಿಂದ ಕಂಪ್ಲಿ ಕಡೆ ಹೋಗುವ ರಸ್ತೆ, ಸಂಜೆ ಹೊತ್ತು. ಫುಟ್‌ರೆಸ್ಟ್ ಮೇಲಿಟ್ಟ ಕಾಲಿಗೆ ಒಂದು ಸಣ್ಣ ಬಡಿತ ತಾಕಿತು. ಎಕ್ಸಲೇಟರ್ ಹಿಡಿದಾಗ ಸುಮ್ಮನಿರುತ್ತಿತ್ತು, ಬಿಟ್ಟ ಕೂಡಲೇ ಕಟ್ ಕಟ್ ಅನ್ನುತ್ತಿತ್ತು. ಎಂಜಿನ್ನಿನ ತಳದಿಂದ, ಮುಚ್ಚಿದ ಬಾಗಿಲನ್ನು ಒಳಗಿನಿಂದ ಯಾರೋ ಬೆರಳ ಗೆಣ್ಣಿನಿಂದ ತಟ್ಟಿದ ಹಾಗೆ. ಗಾಡಿ ನಿಲ್ಲಿಸಿದೆ. ಅಲ್ಲಿಂದ ಮನೆವರೆಗೆ ತಳ್ಳಿಕೊಂಡೇ ಬಂದೆ.

ಗಾಡಿ ನಮ್ಮ ಮಾವನದು, ಅವ್ವನ ತಮ್ಮ. 1978ರ ಬುಲೆಟ್, 350. ಬೀಜ-ಗೊಬ್ಬರದ ಅಂಗಡಿ ಇಟ್ಟಿದ್ದ ಮಾವ ಅದರ ಮೇಲೆ ಕಾರಟಗಿ, ಸಿಂಧನೂರು, ಸಿರುಗುಪ್ಪ ಎಲ್ಲ ತಿರುಗಿದ. ಬಲಗಾಲಲ್ಲಿ ಗೇರ್, ಎಡಗಾಲಲ್ಲಿ ಬ್ರೇಕ್. ಕಿಕ್ ಹೊಡೆಯುವ ಮುಂಚೆ ಸಿಲಿಂಡರಿನ ಒತ್ತಡ ಬಿಡುವ ಡಿಕಂಪ್ರೆಷನ್ ಲಿವರ್ ಹಿಡಿದು, ಆಂಪ್ಸ್ ಮೀಟರ್ ಮುಳ್ಳು ನಡುವೆ ಬರುವವರೆಗೆ ಕಿಕ್ಕರನ್ನು ಮೆಲ್ಲಗೆ ಒತ್ತಬೇಕು. ಮಾವನಿಗೆ ಮೊಣಕಾಲು ನೋವು ಶುರುವಾದ ಮೇಲೆ ಗಾಡಿ ನನ್ನ ಪಾಲಿಗೆ ಬಂತು. ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಹೇಳುವವನು. ಪಾನಾ ಹಿಡಿಯುವುದು ನನಗೆ ಇಷ್ಟ, ಚೂರುಪಾರು ಬರುತ್ತದೆ ಕೂಡ.

ಆ ಬಡಿತ ಬಿಗ್ ಎಂಡಿನದು. ಹಾಗಂದರೆ ಏನು ಅಂತ ಗೊತ್ತಿಲ್ಲದವರಿಗೆ ಎರಡು ಮಾತು. ಪಿಸ್ಟನ್ ಮೇಲೆ ಕೆಳಗೆ ಓಡುತ್ತದೆ. ಕ್ರ್ಯಾಂಕ್ ಸುತ್ತುತ್ತದೆ. ಇವೆರಡನ್ನೂ ಹಿಡಿದಿರುವುದು ಕನೆಕ್ಟಿಂಗ್ ರಾಡ್. ಅದರ ಮೇಲಿನ ಸಣ್ಣ ಕಣ್ಣು ಪಿಸ್ಟನ್ನಿಗೆ, ಕೆಳಗಿನ ದೊಡ್ಡ ಕಣ್ಣು ಕ್ರ್ಯಾಂಕ್ ಪಿನ್ನಿಗೆ. ಈ ದೊಡ್ಡ ಕಣ್ಣೇ ಬಿಗ್ ಎಂಡ್. ಸಿಲಿಂಡರಿನಲ್ಲಿ ಪೆಟ್ರೋಲ್ ಸಿಡಿದಾಗ ಬೀಳುವ ಪೂರ್ತಿ ಹೊಡೆತ ಕೊನೆಗೆ ಹೋಗಿ ತಾಕುವುದು ಇಲ್ಲಿಗೆ. ಬುಲೆಟ್‌ನಲ್ಲಿ ಪಿಸ್ಟನ್ನಿನ ಓಟವೇ 90 ಮಿಲಿಮೀಟರ್. ಒಂದು ಸುತ್ತಿಗೆ ಅಷ್ಟು ಮೇಲೆ ಹೋಗಿ ಅಷ್ಟೇ ಕೆಳಗೆ ಬರಬೇಕು, ನಿಮಿಷಕ್ಕೆ ಸಾವಿರಾರು ಸಲ.

ಹಳೆ ಬುಲೆಟ್‌ನಲ್ಲಿ ಈ ಕಣ್ಣಿನೊಳಗೆ ಬಾಲ್ ಇಲ್ಲ, ರೋಲರ್ ಇಲ್ಲ. ಒಂದು ಬಳೆ ಇದೆ, ಅಷ್ಟೇ. ಉಕ್ಕಿನ ಬಳೆ. ಅದರ ಒಳಮೈಗೂ ಹೊರಮೈಗೂ ವೈಟ್ ಮೆಟಲ್ ಅನ್ನುವ ಬೆಳ್ಳಗಿನ ಲೋಹದ ಲೇಪ. ಫ್ಲೋಟಿಂಗ್ ಬುಷ್ ಅಂತಾರೆ. ಪಿನ್ನಿಗೂ ಅಂಟಿಲ್ಲ, ರಾಡಿಗೂ ಅಂಟಿಲ್ಲ. ಪಿನ್ನು ಜೋರಾಗಿ ತಿರುಗುತ್ತದೆ, ರಾಡಿನ ಕಣ್ಣು ಆ ಕಡೆ ಈ ಕಡೆ ತೂಗುತ್ತದೆ. ಬಳೆ ಇವೆರಡರ ನಡುವೆ ತನ್ನದೇ ಒಂದು ನಿಧಾನ ವೇಗದಲ್ಲಿ ತಿರುಗುತ್ತಾ ಇರುತ್ತದೆ. ಹೀಗೆ ತಿಕ್ಕಾಟ ಎರಡು ಮೈಗೆ ಹಂಚಿಹೋಗುತ್ತದೆ. ಇದನ್ನು ಯೋಚಿಸಿದವರ ಬುದ್ಧಿ ದೊಡ್ಡದು ಅಂತ ನನಗೆ ಇವತ್ತಿಗೂ ಅನ್ನಿಸುತ್ತದೆ.

ಆ ಡಿಸೆಂಬರಿನಲ್ಲಿ ಎಂಜಿನ್ ಇಳಿಸಿದೆ. ಪರಿಚಯದ ಒಬ್ಬ ಮೆಕ್ಯಾನಿಕ್ ಜೊತೆಗಿದ್ದರು. ಮನೆಯ ಪಡಸಾಲೆಯಲ್ಲಿ ಗೋಣಿಚೀಲ ಹಾಸಿ ಬಿಚ್ಚಿದೆವು. ನಿಜಕ್ಕೂ ಬುಷ್ ಸವೆದಿತ್ತು. ರಾಡ್ ಹಿಡಿದು ಮೇಲೆ ಕೆಳಗೆ ಎಳೆದರೆ ಟಕ್ ಅನ್ನುತ್ತಿತ್ತು. ರಾಡ್ ಪಕ್ಕಕ್ಕೆ ಸ್ವಲ್ಪ ಆಡಿದರೆ ತಪ್ಪಿಲ್ಲ, ಆಡಲೇಬೇಕು. ಆದರೆ ಮೇಲೆ ಕೆಳಗೆ ಕೈಗೆ ಗೊತ್ತಾಗುವಷ್ಟು ಆಟ ಇದ್ದರೆ ಕೆಲಸ ಮುಗಿದಂತೆ. ಹೊಸ ಪಿನ್ನು, ಹೊಸ ಬುಷ್ ತಂದು ಹಾಕಿದೆವು. ಮೂರು ವಾರ ಗಾಡಿ ಚೆನ್ನಾಗಿ ಓಡಿತು. ಮುನ್ನೂರು ಕಿಲೋಮೀಟರ್ ಆಗುವಷ್ಟರಲ್ಲಿ ಬಲಗಾಲಿಗೆ ಮತ್ತೆ ಅದೇ ಬಡಿತ.

ನನಗೆ ಆದ ಬೇಸರ ಹೇಳಲಾರೆ. ದುಡ್ಡು ಹೋಗಿದ್ದಕ್ಕಿಂತ, ಎಲ್ಲ ಸರಿಯಾಗಿ ಮಾಡಿದ್ದೆವು ಅನ್ನುವ ನಂಬಿಕೆ ಹೋಗಿದ್ದು ಜಾಸ್ತಿ ನೋವಾಯಿತು. ಮತ್ತೆ ಬಿಚ್ಚಿ, ಬುಷ್ ತೆಗೆದು, ಬಟ್ಟೆಯಲ್ಲಿ ಸುತ್ತಿಕೊಂಡು ಲೇತ್ ಅಜ್ಜನ ಹತ್ತಿರ ಹೋದೆ.

ಎಲ್ಲರೂ ಅವರನ್ನು ಕರೆಯುವುದು ಹಾಗೇ. ಅವರ ಶೆಡ್ಡಿನಲ್ಲಿ ಒಂದು ಹಳೆ ಕಿರ್ಲೋಸ್ಕರ್ ಲೇತ್ ಇದೆ, ಹರಿಹರದಲ್ಲಿ ತಯಾರಾದದ್ದು. 1941ರಲ್ಲಿ ಶುರುವಾದ ಮೈಸೂರು ಕಿರ್ಲೋಸ್ಕರ್ ಕಂಪನಿ ಅಲ್ಲಿಂದಲೇ ನಾಡಿಗೆಲ್ಲ ಲೇತ್ ಕಳಿಸುತ್ತಿತ್ತು. ಅಜ್ಜ ಮಾಡುವುದು ರೈಸ್ ಮಿಲ್ಲಿನ ಶಾಫ್ಟು, ಟ್ರ್ಯಾಕ್ಟರಿನ ಪಿನ್ನು, ಪಂಪ್‌ಸೆಟ್ಟಿನ ಬುಷ್. ಹರೆಯದಲ್ಲಿ ಅವರ ಮುಖ್ಯ ಕೆಲಸ ಆಯಿಲ್ ಎಂಜಿನ್‌ಗಳ ಬೇರಿಂಗ್‌ಗೆ ವೈಟ್ ಮೆಟಲ್ ಹೊಯ್ಯುವುದಾಗಿತ್ತು. ತುಂಗಭದ್ರಾ ಎಡದಂಡೆ ಕಾಲುವೆ ಬಂದ ಮೇಲೆ ಇಲ್ಲಿ ಭತ್ತ ಬಂತು. ಭತ್ತದ ಹಿಂದೆ ಮಿಲ್ಲು ಬಂದವು. ಮಿಲ್ಲಿನ ಹಿಂದೆ ಇವರಂಥ ಕೈಗಳು ಬಂದವು.

ಅಜ್ಜ ಬುಷ್ ತೆಗೆದುಕೊಂಡು ಬೆಳಕಿಗೆ ಹಿಡಿದರು. ಹೆಬ್ಬೆರಳ ಉಗುರನ್ನು ಹೊರಮೈ ಮೇಲೆ ಎಳೆದರು. ಮತ್ತೆ ಎಳೆದರು.

"ಮಾಸ್ತರ್ರ, ಇದನ್ನ ಎಲ್ಲಿ ಬಿಚ್ಚಿದ್ರಿ?"

"ಮನಿ ಪಡಸಾಲ್ಯಾಗ್ರಿ ಅಜ್ಜಾರ."

"ಯಾವಾಗ?"

"ಡಿಸೆಂಬರ್‌ದಾಗ."

ಅವರು ಬುಷ್ಷನ್ನು ನನ್ನ ಕೈಗೆ ಕೊಟ್ಟರು. "ನೀವ ನೋಡ್ರಿ. ಕರಿ ಚುಕ್ಕಿ ಕಾಣ್ತಾವಲ್ಲ, ಅದು ಬೂದಿ."

ನೋಡಿದೆ. ಬೆಳ್ಳಗಿನ ಲೋಹದ ತುಂಬ ಕೂದಲಿನಂಥ ಗೆರೆಗಳು. ಗೆರೆಗಳ ಕೊನೆಯಲ್ಲಿ ಗಸಗಸೆಗಿಂತ ಸಣ್ಣ ಕಪ್ಪು ಚುಕ್ಕೆಗಳು, ಲೋಹದೊಳಗೇ ಹುದುಗಿ ಕೂತಿದ್ದವು.

ಗಂಗಾವತಿಯವರಿಗೆ ಈ ಬೂದಿಯ ಪರಿಚಯ ಮಾಡಿಕೊಡಬೇಕಿಲ್ಲ. ಸುಗ್ಗಿ ಬಂದರೆ ಮಿಲ್ಲುಗಳು ಹಗಲು ರಾತ್ರಿ ನಡೆಯುತ್ತವೆ. ಭತ್ತ ಬೇಯಿಸುವ ಬಾಯ್ಲರಿಗೆ ಹೊಟ್ಟೇ ಉರುವಲು. ಹೊಟ್ಟು ಉರಿದ ಕಪ್ಪು ಬೂದಿ ಗಾಳಿಯಲ್ಲಿ ತೇಲಿ ಬಂದು ಮಾಳಿಗೆ ಮೇಲೆ, ಒಣಗಿಸಿದ ಬಟ್ಟೆ ಮೇಲೆ, ಕುಡಿಯುವ ನೀರಿನ ಕೊಡದ ಮೇಲೆ ಕೂರುತ್ತದೆ. ಅದು ಬರೀ ಮಸಿ ಅಂದುಕೊಂಡಿದ್ದೆ. ಆದರೆ ಭತ್ತದ ಹೊಟ್ಟಿನ ಬೂದಿಯಲ್ಲಿ ಜಾಸ್ತಿ ಇರುವುದು ಸಿಲಿಕಾ. ಮರಳು, ಗಾಜು ಯಾವುದರಿಂದ ಆಗಿದೆಯೋ ಅದೇ. ಇದನ್ನು ನಾನು ತರಗತಿಯಲ್ಲಿ ಹೇಳಿದ್ದೂ ಉಂಟು. ನಮ್ಮ ಅವ್ವ ಇದೇ ಬೂದಿಯಿಂದ ಹಿತ್ತಾಳೆ ತಂಬಿಗೆ ತಿಕ್ಕುತ್ತಿದ್ದಳು. ತಂಬಿಗೆ ಫಳಫಳ ಹೊಳೆಯುತ್ತಿತ್ತು. ಹೊಳೆಯಿತು ಅಂದರೆ ಮೇಲಿನ ಒಂದು ಪದರ ಸವೆಯಿತು ಅಂತಲೇ ಅಲ್ವಾ? ಆ ಬೂದಿಯನ್ನು ನಾನು ಎಣ್ಣೆಯಲ್ಲಿ ಕಲಸಿ ಎಂಜಿನ್ನಿನೊಳಗೆ ಇಟ್ಟಿದ್ದೆ.

ವೈಟ್ ಮೆಟಲ್ ಮೆತ್ತಗಿನ ಲೋಹ. ತವರ ಜಾಸ್ತಿ, ಜೊತೆಗೆ ಆಂಟಿಮನಿ, ತಾಮ್ರ. ಐಸಾಕ್ ಬ್ಯಾಬಿಟ್ ಅನ್ನುವ ಅಮೆರಿಕದವರು 1839ರಲ್ಲಿ ಇದನ್ನು ಮಾಡಿದರು. ಅವರ ಹೆಸರಿನಿಂದ ಬ್ಯಾಬಿಟ್ ಅಂತಲೂ ಕರೆಯುತ್ತಾರೆ. ಮೆತ್ತಗಿರುವುದೇ ಅದರ ಗುಣ. ಎಣ್ಣೆಯಲ್ಲಿ ಒಂದು ಕಣ ಕಸ ಬಂದರೆ ಅದನ್ನು ತನ್ನೊಳಗೆ ಒತ್ತಿಕೊಂಡು ನುಂಗಿಬಿಡುತ್ತದೆ. ಪಿನ್ನಿಗೆ ಗೀರು ಬೀಳಲು ಬಿಡುವುದಿಲ್ಲ. ತಾನು ಹಾಳಾಗಿ ದುಬಾರಿ ಭಾಗವನ್ನು ಉಳಿಸುತ್ತದೆ. ಆದರೆ ನುಂಗುವುದಕ್ಕೂ ಒಂದು ಮಿತಿ ಇದೆ. ನಾನು ಕೊಟ್ಟಿದ್ದು ಆ ಮಿತಿ ಮೀರಿತ್ತು.

"ಬುಷ್ ಬಿಡ್ರಿ, ಹೊಸಾದು ಸಿಗತೈತಿ. ಪಿನ್ನು ತರ್ರಿ ನೋಡೋಣು. ಆದ್ರ ಈಗ ಬ್ಯಾಡ. ಮಳಿ ಬಿದ್ದು ಧೂಳ ಕೂತ ಮ್ಯಾಲ ಬರ್ರಿ" ಅಂದರು ಅಜ್ಜ.

ಆರು ತಿಂಗಳು ಗಾಡಿ ಬಿಚ್ಚಿದ ಸ್ಥಿತಿಯಲ್ಲೇ ಇತ್ತು. ಆ ಆರು ತಿಂಗಳಲ್ಲಿ ಮೂರು ಜನ ನನಗೆ ರೋಲರ್ ಬೇರಿಂಗ್ ಹಾಕಿಸಿಬಿಡಿ ಅಂದರು. ಬುಲೆಟ್‌ಗೆ ರೋಲರ್ ಕಿಟ್ ಸಿಗುತ್ತದೆ, ನಿಜ. ರೋಲರ್‌ಗೆ ಎಣ್ಣೆ ಒತ್ತಡದಲ್ಲಿ ಬರಲೇಬೇಕು ಅಂತಿಲ್ಲ, ಸಿಡಿದು ಬಿದ್ದರೂ ನಡೆಯುತ್ತದೆ. ಎಣ್ಣೆ ಸ್ವಲ್ಪ ತಡವಾದರೆ ಕ್ಷಮಿಸುತ್ತದೆ. ಬುಷ್ ಕ್ಷಮಿಸುವುದಿಲ್ಲ. ಅವರು ಹೇಳಿದ್ದರಲ್ಲಿ ತಪ್ಪೇನಿರಲಿಲ್ಲ. ಆದರೂ ನನಗೆ ಬುಷ್ಷೇ ಬೇಕಿತ್ತು. ನಲವತ್ತು ವರ್ಷ ಮಾವನ ಗಾಡಿ ಅದೇ ಬಳೆಯ ಮೇಲೆ ಓಡಿದೆ. ಮೊನ್ನೆ ಹಾಳಾಗಿದ್ದು ನನ್ನ ಕೈಯಿಂದ, ಬಳೆಯ ದೋಷದಿಂದಲ್ಲ. ಸರಿಯಾಗಿ ಕೂರಿಸಿದರೆ ಅದು ಹೇಗೆ ಓಡುತ್ತದೆ ಅಂತ ನೋಡಬೇಕಿತ್ತು.

ಆಗಸ್ಟ್ ಶುರುವಿನಲ್ಲಿ ಕಾಲುವೆಗೆ ನೀರು ಬಿಟ್ಟರು. ಡ್ಯಾಂ ತುಂಬಿ ಹೊಳೆಗೂ ಬಿಟ್ಟಿದ್ದರಿಂದ ಕಂಪ್ಲಿ ಸೇತುವೆ ಮುಳುಗಿತ್ತು. ಅಜ್ಜ ಬೆಳಿಗ್ಗೆ ಏಳಕ್ಕೆ ಬಾ ಅಂದಿದ್ದರು. ಯಾಕೆ ಏಳಕ್ಕೆ ಅಂತ ಹೋದ ಮೇಲೆ ತಿಳಿಯಿತು. ಲೋಹ ತಣ್ಣಗಿರುವಾಗಲೇ ಅಳೆಯಬೇಕು. 25 ಮಿಲಿಮೀಟರ್ ದಪ್ಪದ ಉಕ್ಕು 20 ಡಿಗ್ರಿ ಬಿಸಿಯಾದರೆ ಸುಮಾರು 6 ಮೈಕ್ರಾನ್, ಅಂದರೆ ಒಂದು ಮಿಲಿಮೀಟರನ್ನು ಸಾವಿರ ಮಾಡಿದರೆ ಅದರಲ್ಲಿ ಆರು ಭಾಗ, ಹಿಗ್ಗುತ್ತದೆ. ನಮ್ಮ ಬಿಸಿಲಲ್ಲಿ 20 ಡಿಗ್ರಿ ಏರಲು ಎಷ್ಟು ಹೊತ್ತು ಬೇಕು? ಪಿನ್ನನ್ನು ಹಿಂದಿನ ರಾತ್ರಿಯೇ ತಂದು ಅವರ ಮೇಜಿನ ಮೇಲೆ ಇಟ್ಟಿದ್ದೆವು, ಮೈಕ್ರೋಮೀಟರಿನ ಪಕ್ಕದಲ್ಲೇ. ಎರಡೂ ಒಂದೇ ತಣುವಿಗೆ ಬರಲಿ ಅಂತ. ಪಿನ್ನನ್ನು ಅವರು ಬರಿಗೈಯಲ್ಲಿ ಹಿಡಿಯಲಿಲ್ಲ, ಬಟ್ಟೆಯಲ್ಲಿ ಹಿಡಿದರು.

ಒಂದೇ ಕಡೆ ಅಳೆದು ಬಿಡಲಿಲ್ಲ. ಈ ತುದಿ, ನಡು, ಆ ತುದಿ. ಪ್ರತಿ ಕಡೆಯೂ ಅಡ್ಡ ಒಮ್ಮೆ, ಉದ್ದ ಒಮ್ಮೆ. ಆರು ಅಳತೆ. ಅಡ್ಡ-ಉದ್ದದ ಅಳತೆ ಬೇರೆ ಬೇರೆ ಬಂದರೆ ಪಿನ್ನು ಮೊಟ್ಟೆಯಾಗಿದೆ. ತುದಿಯಿಂದ ತುದಿಗೆ ಬೇರೆ ಬಂದರೆ ಇಳಿಜಾರಾಗಿದೆ. ನಮ್ಮದು ಗುಂಡಗೇ ಇತ್ತು. ವೈಟ್ ಮೆಟಲ್ ತಾನು ಸತ್ತು ಪಿನ್ನನ್ನು ಉಳಿಸಿತ್ತು. ಅಜ್ಜ ಉಗುರು ಎಳೆದು ನೋಡಿ, ಎಣ್ಣೆ ಹಚ್ಚಿದ ನಯವಾದ ಕಾಗದದಿಂದ ಹಗುರವಾಗಿ ಪಾಲಿಷ್ ಮಾಡಿದರು, ಅಷ್ಟೇ.

ಆಮೇಲೆ ಹೊಸ ಬುಷ್ ಕೂರಿಸುವ ಕೆಲಸ. ಇಲ್ಲೇ ನಾನು ಇಷ್ಟು ದಿನ ತಪ್ಪು ತಿಳಿದಿದ್ದೆ. ಬಿಗಿಯಾಗಿ ಕೂತರೆ ಒಳ್ಳೆಯದು, ಬಡಿತ ಬರುವುದಿಲ್ಲ ಅಂತ ನನ್ನ ಲೆಕ್ಕ. ಅಜ್ಜ ಬುಷ್ಷನ್ನು ಪಿನ್ನಿಗೆ ಹಾಕಿ, ತಿರುಗಿಸಿ, ತೆಗೆದು, ತಲೆ ಅಲ್ಲಾಡಿಸಿದರು. ಬಿಗಿಯಾಯಿತು ಅಂದರು.

"ಎಣ್ಣಿ ಎಲ್ಲಿ ನಿಲ್ಲಬೇಕ್ರಿ? ಅದಕ್ಕ ಜಾಗ ಬ್ಯಾಡೇನು?"

ಲೇತ್ ಕೆಲಸದವರ ಅಳತೆ ಥೌ. ಒಂದು ಇಂಚಿನ ಸಾವಿರದ ಒಂದು ಭಾಗ, ಅಂದರೆ 0.025 ಮಿಲಿಮೀಟರ್. ನಮ್ಮ ತಲೆಗೂದಲು ಹೆಚ್ಚುಕಡಿಮೆ ಮೂರು ಥೌ ದಪ್ಪ ಇರುತ್ತದೆ. ಇಂಥ ಬೇರಿಂಗ್‌ಗಳಿಗೆ ಹಳಬರು ಹೇಳುವ ಲೆಕ್ಕ: ಶಾಫ್ಟ್ ಒಂದು ಇಂಚು ದಪ್ಪ ಇದ್ದರೆ ಒಂದು ಥೌ ಜಾಗ ಬಿಡು. ಕೂದಲಿನ ಮೂರನೇ ಒಂದು ಭಾಗ. ಫ್ಲೋಟಿಂಗ್ ಬುಷ್‌ಗೆ ಅಂಥ ಜಾಗ ಎರಡು ಬೇಕು. ಪಿನ್ನಿಗೂ ಬಳೆಗೂ ನಡುವೆ ಒಂದು, ಬಳೆಗೂ ರಾಡಿಗೂ ನಡುವೆ ಇನ್ನೊಂದು. ಜಾಗ ಕಡಿಮೆಯಾದರೆ ಎಣ್ಣೆ ಒಳಗೆ ಹೋಗದೆ ಬಳೆ ಬಿಸಿಯಾಗಿ ಕಚ್ಚಿಕೊಳ್ಳುತ್ತದೆ. ಜಾಸ್ತಿಯಾದರೆ ಎಣ್ಣೆ ಪಕ್ಕದಿಂದ ಸೋರಿಹೋಗಿ ಬಡಿತ ಶುರುವಾಗುತ್ತದೆ.

ಇಲ್ಲಿ ಒಂದು ಹಳೆ ಕತೆ ಹೇಳಬೇಕು, ಮಕ್ಕಳಿಗೂ ಹೇಳುತ್ತೇನೆ. 1883ರ ಸುಮಾರಿಗೆ ಇಂಗ್ಲೆಂಡಿನಲ್ಲಿ ಬೋಶಾಂ ಟವರ್ ಅನ್ನುವ ಎಂಜಿನಿಯರ್ ರೈಲಿನ ಅಚ್ಚಿನ ಬೇರಿಂಗ್‌ಗಳನ್ನು ಪರೀಕ್ಷೆ ಮಾಡುತ್ತಿದ್ದರು. ಬೇರಿಂಗ್‌ನ ನೆತ್ತಿಯಲ್ಲಿ ಎಣ್ಣೆ ಬಿಡಲು ಒಂದು ತೂತು ಕೊರೆದರು. ಅಚ್ಚು ತಿರುಗಿಸಿದರೆ ಎಣ್ಣೆ ಆ ತೂತಿನಿಂದ ಮೇಲಕ್ಕೆ ಉಕ್ಕಿತು. ಕಟ್ಟಿಗೆ ಬಿರಡೆ ಹೊಡೆದು ಮುಚ್ಚಿದರು. ಎಣ್ಣೆ ಬಿರಡೆಯನ್ನೇ ತಳ್ಳಿ ಹೊರಗೆ ಹಾಕಿತು. ಆಗ ಅವರಿಗೆ ಗೊತ್ತಾಯಿತು, ಅಚ್ಚು ಲೋಹದ ಮೇಲೆ ಕೂತೇ ಇಲ್ಲ, ಎಣ್ಣೆಯ ಮೇಲೆ ತೇಲುತ್ತಿದೆ ಅಂತ. ತಿರುಗುವ ಅಚ್ಚು ತಾನೇ ಎಣ್ಣೆಯನ್ನು ಕಿರಿದಾದ ಸಂದಿಗೆ ಎಳೆದುಕೊಂಡು ಒತ್ತಡ ಹುಟ್ಟಿಸುತ್ತದೆ. 1886ರಲ್ಲಿ ಆಸ್ಬೋರ್ನ್ ರೆನಾಲ್ಡ್ಸ್ ಇದಕ್ಕೆ ಗಣಿತ ಬರೆದರು.

ಅಜ್ಜನಿಗೆ ಈ ಕತೆ ಹೇಳಿದೆ. ಪೂರ್ತಿ ಕೇಳಿದರು. ಆಮೇಲೆ ಶೆಡ್ಡಿನ ಹಿಂದಿನ ಗದ್ದೆ ತೋರಿಸಿದರು. ಅಲ್ಲಿ ನಾಟಿಗೆ ಮುಂಚೆ ಕೆಸರು ಸಮ ಮಾಡುತ್ತಿದ್ದರು. "ಆ ಹಲಗಿ ಮ್ಯಾಲ ಆಳು ನಿಂತಾನಲ್ಲ. ನೀರ ಇದ್ದಾಗ ಸರ್ ಅಂತ ಹೊಕ್ಕೈತಿ. ನೀರ ಬತ್ತಿದ್ರ ಎರಡು ಎತ್ತಿಗೂ ಎಳಿಯಾಕ ಆಗಂಗಿಲ್ಲ. ನಿಂತಲ್ಲೇ ಕಚ್ಚತೈತಿ." ಇದಕ್ಕಿಂತ ಚೆನ್ನಾಗಿ ನಾನು ಬೋರ್ಡಿನ ಮೇಲೆ ಬಿಡಿಸಲಾರೆ. ಆ ವರ್ಷದಿಂದ ಟವರ್ ಕತೆಯ ಜೊತೆ ಹಲಗೆಯ ಮಾತೂ ನನ್ನ ಪಾಠದಲ್ಲಿದೆ.

ಬುಷ್ ಒಳಗಡೆ ಎಲ್ಲಿ ತಾಕುತ್ತಿದೆ ಅಂತ ನೋಡಲು ಪಿನ್ನಿಗೆ ತೆಳ್ಳಗೆ ನೀಲಿ ಬಣ್ಣ ಹಚ್ಚಿ ತಿರುಗಿಸಿದರು. ಎರಡು ಕಡೆ ನೀಲಿ ಅಂಟಿತು. ಅಲ್ಲಿ ಮಾತ್ರ ತೆಗೆದರು. ಒರೆಸಿದರು, ಮತ್ತೆ ಹಚ್ಚಿದರು, ಮತ್ತೆ ನೋಡಿದರು. ಆಯಿಲ್ ಎಂಜಿನ್ನಿನ ಕಾಲದಲ್ಲಿ ಇದನ್ನೇ ದಿನವಿಡೀ ಮಾಡುತ್ತಿದ್ದರಂತೆ. ಆಗ ಲೋಹ ಕರಗಿಸಿ ಹೊಯ್ಯುವುದಕ್ಕೂ ಒಂದು ಹದ ಇತ್ತು. ಒಣ ಕಡ್ಡಿ ಅದ್ದಿ ತೆಗೆದರೆ ಕಡ್ಡಿ ಕಂದು ಬಣ್ಣಕ್ಕೆ ತಿರುಗಬೇಕು. ಬಣ್ಣ ಬರದಿದ್ದರೆ ಲೋಹ ತಣ್ಣಗಿದೆ. ಹೊತ್ತಿಕೊಂಡರೆ ಹದ ಮೀರಿದೆ. ಬೆಲ್ಲದ ಪಾಕ ನೋಡುವವರ ಕಣ್ಣು ಅದು. ಈಗ ಬುಷ್ ಡಬ್ಬಿಯಲ್ಲಿ ತಯಾರಾಗಿ ಬರುತ್ತದೆ. ಆದರೆ ಡಬ್ಬಿಯಲ್ಲಿ ಬಂದದ್ದು ನಮ್ಮ ಪಿನ್ನಿಗೆ ಹದವಾಗಿದೆಯಾ ಅಂತ ನೋಡಲು ಆ ಕಣ್ಣು ಇನ್ನೂ ಬೇಕು.

ನಾಲ್ಕನೇ ಸಲಕ್ಕೆ ಬಳೆ ಕೂತ ರೀತಿ ನನ್ನ ಬೆರಳಿಗೂ ತಿಳಿಯಿತು. ಎಣ್ಣೆ ಹಚ್ಚಿ ಪಿನ್ನಿನ ಮೇಲೆ ಬಿಟ್ಟರೆ ತನ್ನ ಭಾರಕ್ಕೆ ತಾನೇ ನಿಧಾನವಾಗಿ ಇಳಿಯಿತು. ಅಲ್ಲಾಡಿಸಿದರೆ ಸದ್ದಿಲ್ಲ.

ಕ್ರ್ಯಾಂಕ್ ಜೋಡಿಸುವ ಮುಂಚೆ ಎಣ್ಣೆಯ ದಾರಿಯನ್ನು ಮೂರು ಸಲ ತೊಳೆದೆವು. ಪಂಪಿನಿಂದ ಬರುವ ಎಣ್ಣೆ ಟೈಮಿಂಗ್ ಕವರಿನ ಫೆಲ್ಟ್ ಫಿಲ್ಟರ್ ದಾಟಿ, ಕ್ರ್ಯಾಂಕಿನ ತುದಿಯಿಂದ ಒಳಹೊಕ್ಕು, ಫ್ಲೈವೀಲ್ ಅನ್ನುವ ಭಾರದ ಚಕ್ರದೊಳಗಿನ ತೂತಿನಲ್ಲಿ ಹರಿದು ಪಿನ್ನಿಗೆ ಬರುತ್ತದೆ. ಪಿನ್ನಿನ ತೂತಿಗೂ ಫ್ಲೈವೀಲಿನ ತೂತಿಗೂ ಸರಿಯಾಗಿ ಕೂಡಬೇಕು, ಇಲ್ಲದಿದ್ದರೆ ಬುಷ್‌ಗೆ ಹನಿ ಎಣ್ಣೆಯೂ ಸಿಗುವುದಿಲ್ಲ. ಪಿನ್ನಿನ ಒಳಗಿನ ಟೊಳ್ಳು ಒಂದು ಬಲೆ ಇದ್ದ ಹಾಗೆ. ಕ್ರ್ಯಾಂಕ್ ಸುತ್ತುವಾಗ ಭಾರದ ಕಸವೆಲ್ಲ ಅಲ್ಲಿ ಹೋಗಿ ಕೂರುತ್ತದೆ. ನಮ್ಮದರಲ್ಲಿ ಕಡ್ಡಿ ಹಾಕಿ ತೆಗೆದಾಗ ಕರಿ ಕಾಡಿಗೆ ಬಂತು. ಸೀಮೆಎಣ್ಣೆಯಲ್ಲಿ ತೊಳೆದು, ಗಾಳಿ ಹೊಡೆದು, ಮತ್ತೆ ಹೊಸ ಎಣ್ಣೆ ಬಿಟ್ಟು, ಆ ತುದಿಯಲ್ಲಿ ಬಿಳಿ ಬಟ್ಟೆ ಹಿಡಿದೆ. ಮೂರನೇ ಸಲಕ್ಕೆ ಬಟ್ಟೆ ಶುಭ್ರವಾಗಿ ಉಳಿಯಿತು. ದಾರ ಬಿಡುವ ವೇಸ್ಟ್ ಬಟ್ಟೆಯನ್ನು ಅಜ್ಜ ಹತ್ತಿರ ಕೂಡ ಸೇರಿಸಲಿಲ್ಲ. ಒಗೆದ ಹಳೆ ಧೋತರ ಹರಿದು ಕೊಟ್ಟರು.

ಎರಡು ಫ್ಲೈವೀಲ್, ನಡುವೆ ಪಿನ್ನು, ಪಿನ್ನಿನ ಮೇಲೆ ಬಳೆ, ಬಳೆ ಮೇಲೆ ರಾಡು. ನಟ್ ಬಿಗಿದ ಮೇಲೆ ಶುರುವಾಗಿದ್ದು ಇಡೀ ದಿನದ ಅತಿ ದೀರ್ಘ ಕೆಲಸ. ಎರಡು ಚಕ್ರದ ಶಾಫ್ಟುಗಳೂ ಒಂದೇ ಗೆರೆಯಲ್ಲಿ ಇರಬೇಕು. ಲೇತಿನ ಎರಡು ಮೊನೆಗಳ ನಡುವೆ ಕ್ರ್ಯಾಂಕ್ ಹಿಡಿಸಿ, ಡಯಲ್ ಗೇಜ್ ಇಟ್ಟು, ಕೈಯಿಂದ ತಿರುಗಿಸಿದರು. ಮುಳ್ಳು ಒಂಬತ್ತು ಥೌ ಆಡಿತು. ಎಲ್ಲಿ ಎತ್ತರ ಬಂತೋ ಅಲ್ಲಿಗೆ ಸೀಮೆಸುಣ್ಣದ ಗುರುತು. ಕ್ರ್ಯಾಂಕ್ ಇಳಿಸಿ ತಾಮ್ರದ ಸುತ್ತಿಗೆಯಿಂದ ಒಂದು ಏಟು. ಮತ್ತೆ ಏರಿಸಿ ಅಳತೆ. ಆರು. ಮತ್ತೊಂದು ಏಟು, ಏಳು. ಆಮೇಲೆ ನಾಲ್ಕು. ಮಧ್ಯಾಹ್ನ ಮಂಡಕ್ಕಿ ಒಗ್ಗರಣೆ, ಮಿರ್ಚಿ ತರಿಸಿ ತಿಂದೆವು, ಕೈ ತೊಳೆದು ಮತ್ತೆ ಕೂತೆವು. ಎರಡು ಥೌಗೆ ಬಂದಾಗ ನಾನು ಸಾಕು ಅಜ್ಜಾರ ಅಂದೆ. ಪುಸ್ತಕದ ಲೆಕ್ಕಕ್ಕೆ ಸಾಕಾಗುತ್ತಿತ್ತು. ಅವರು ಒಂದಕ್ಕೆ ತಂದರು. ಹೊತ್ತು ಮುಳುಗಿತ್ತು.

ಎಂಜಿನ್ ಮುಚ್ಚಿದ್ದು ಶಾಲೆಯ ಪ್ರಯೋಗಾಲಯದಲ್ಲಿ. ಭಾನುವಾರ, ಹೆಡ್‌ಮಾಸ್ತರರ ಒಪ್ಪಿಗೆ ಕೇಳಿ, ಕಿಟಕಿ ಹಾಕಿ, ನೆಲ ಒದ್ದೆ ಬಟ್ಟೆಯಲ್ಲಿ ಒರೆಸಿ. ಕ್ರ್ಯಾಂಕಿನ ತುದಿಯಲ್ಲಿ ಎಣ್ಣೆ ಪಂಪು ತಿರುಗಿಸುವ ವರ್ಮ್ ನಟ್ ಎಡಗಡೆ ತಿರುಪು, ಅದನ್ನು ಮರೆತು ಬಲಕ್ಕೆ ಬಿಗಿಯಲು ಹೋಗಿ ತಿರುಪು ಕೆಡಿಸಿದವರು ಬಹಳ ಜನ. ಉಳಿದದ್ದು ಎಲ್ಲ ಎಂಜಿನ್ನಿನಲ್ಲೂ ಇರುವ ಕೆಲಸವೇ.

ಸ್ಟಾರ್ಟ್ ಮಾಡುವ ಮುಂಚೆ ಸ್ಪಾರ್ಕ್ ಪ್ಲಗ್ ಬಿಚ್ಚಿ ಇಟ್ಟು ಸುಮ್ನೆ ಕಿಕ್ ಹೊಡೆಯುತ್ತಾ ಹೋದೆ. ಒಣ ಬುಷ್ ಮೇಲೆ ಮೊದಲ ಹೊಡೆತ ಬೀಳಬಾರದು. ಎಣ್ಣೆ ಬಂತಾ ಅಂತ ನೋಡಲು, ಮೇಲೆ ವಾಲ್ವ್ ಒತ್ತುವ ರಾಕರ್‌ಗೆ ಹೋಗುವ ಪೈಪಿನ ಬೋಲ್ಟ್ ಸಡಿಲಿಸಿದ್ದೆ. ಐವತ್ತು, ಅರವತ್ತು ಕಿಕ್. ಕಾಲು ನಡುಗುತ್ತಿತ್ತು. ಆಮೇಲೆ ಬೋಲ್ಟಿನ ಕೆಳಗೆ ಎಣ್ಣೆ ಒಸರಿತು. ಪ್ಲಗ್ ಹಾಕಿ, ಮುಳ್ಳು ನಡುವೆ ತಂದು, ಒಂದೇ ಕಿಕ್‌ಗೆ ಹತ್ತಿತು. ಮಾವ ಕುರ್ಚಿ ಹಾಕಿಕೊಂಡು ಕೂತಿದ್ದ. ಏನೂ ಮಾತಾಡಲಿಲ್ಲ, ಎದ್ದು ಬಂದು ಟ್ಯಾಂಕ್ ಮೇಲೆ ಕೈ ಇಟ್ಟುಕೊಂಡು ನಿಂತ.

ಮೊದಲ ಐನೂರು ಕಿಲೋಮೀಟರ್ ನಲವತ್ತು ದಾಟಿಸಲಿಲ್ಲ. ಆನೆಗೊಂದಿ, ಸಣಾಪುರ, ಹುಲಿಗಿ, ಮುನಿರಾಬಾದ್. ಬಂಡೆಗಳ ನಡುವೆ, ಬಾಳೆ ತೋಟದ ಪಕ್ಕ, ನಿಧಾನವಾಗಿ. ಬೆಳಿಗ್ಗೆ ಸ್ಟಾರ್ಟ್ ಮಾಡಿದ ಕೂಡಲೇ ಎಂದೂ ರೇಸ್ ಮಾಡಲಿಲ್ಲ. ತಣ್ಣಗಿನ ಎಣ್ಣೆ ದಪ್ಪ ಇರುತ್ತದೆ, ಬುಷ್ ತಲುಪಲು ಅದಕ್ಕೆ ಹೊತ್ತು ಕೊಡಬೇಕು. ಒಂದು ದಿನ ಗಾಡಿ ಅಜ್ಜನ ಶೆಡ್ಡಿನ ಮುಂದೆ ನಿಲ್ಲಿಸಿದೆ. ಅವರು ಉದ್ದದ ಸ್ಕ್ರೂಡ್ರೈವರ್ ತಂದು ಅದರ ಮೊನೆಯನ್ನು ಎಂಜಿನ್ನಿನ ತಳಕ್ಕೆ ಒತ್ತಿ, ಹಿಡಿಯನ್ನು ಕಿವಿಗೆ ಇಟ್ಟುಕೊಂಡರು. ಎಕ್ಸಲೇಟರ್ ಹಿಡಿ, ಬಿಡು ಅಂತ ಕೈಸನ್ನೆ ಮಾಡಿದರು. ಹಿಡಿದೆ, ಬಿಟ್ಟೆ. ಕಣ್ಣು ಮುಚ್ಚಿಕೊಂಡೇ ಬಹಳ ಹೊತ್ತು ಕೇಳಿದರು.

"ಎಣ್ಣಿ ತಗದ್ರೇನು?" ಅಂದರು ಕೊನೆಗೆ.

"ಇನ್ನ ಇಲ್ರಿ. ನಾಳಿ ಐದುನೂರು ಆಗತೈತಿ."

"ತಗದಿದ್ದನ್ನ ಚೆಲ್ಲಬ್ಯಾಡ್ರಿ. ನೋಡ್ರಿ ಅದನ್ನ."

ಮರುದಿನ ಬಿಸಿ ಎಂಜಿನ್ನಿನಿಂದ ಎಣ್ಣೆ ಇಳಿಸಿದೆ. ವೈಟ್ ಮೆಟಲ್ ಅಯಸ್ಕಾಂತಕ್ಕೆ ಅಂಟುವುದಿಲ್ಲ, ಕಣ್ಣಿಂದಲೇ ಹುಡುಕಬೇಕು. ಸ್ಟೀಲ್ ತಟ್ಟೆಗೆ ತೆಳ್ಳಗೆ ಸುರಿದು ಅಂಗಳದ ಬಿಸಿಲಿಗೆ ಹಿಡಿದು, ನಿಧಾನವಾಗಿ ವಾಲಿಸಿದೆ. ಬಳೆ ಸವೆಯುತ್ತಿದ್ದರೆ ಎಣ್ಣೆಯಲ್ಲಿ ಬೆಳ್ಳಿ ಪುಡಿ ಮಿನುಗುತ್ತದೆ. ಈ ಕಡೆ ವಾಲಿಸಿದೆ, ಆ ಕಡೆ ವಾಲಿಸಿದೆ. ಕಂದು ಎಣ್ಣೆ, ಅದರ ಕೆಳಗೆ ತಟ್ಟೆ. ಬೇರೇನೂ ಇರಲಿಲ್ಲ. ಹೊಸ ಎಣ್ಣೆ ಹಾಕಿ, ಟೂಲ್ ಬಾಕ್ಸಿನ ಮುಚ್ಚಳದ ಒಳಗೆ ತಾರೀಕು, ಕಿಲೋಮೀಟರ್ ಬರೆದೆ. ಮಾವ 1990ರ ಹೊತ್ತಿಗೆ ಬರೆದ ಲೆಕ್ಕ ಅಲ್ಲಿ ಇನ್ನೂ ಅಳಿಸಿರಲಿಲ್ಲ. ಅದರ ಕೆಳಗೇ ಬರೆದೆ.